ಗ್ರಹಣದ ದಿನದ ಊಟ

ಬೇರಿಕೆ
೧೨-೨-೧೯೮೦, ಮಂಗಳವಾರ

ಚಿ. ಸೌ. ಆದಿಲಕ್ಷ್ಮಿಗೆ,

ನಿನ್ನ ಅಮ್ಮನ ಮನಸ್ಸು ತುಂಬಿದ ಆಶೀರ್ವಾದಗಳು. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ, ನಿಮ್ಮಪ್ಪನ ಎಡಮಂಡಿಯೊಂದನ್ನು ಬಿಟ್ಟು. ಆ ಮಂಡಿಯೂ ಅದರ ಯಜಮಾನರ ಹಾಗೆಯೇ, ನನ್ನ ಮಾತು ಕೇಳುವುದಿಲ್ಲ. ಅಲ್ಲಿ ಹೊಸೂರಿನಲ್ಲಿ ಅಳಿಯಂದಿರು, ನಿಮ್ಮತ್ತೆ, ನಿನ್ನ ಹೊಟ್ಟೆಯೊಳಗಿನ ಪುಟ್ಟ ಜೀವ ಎಲ್ಲರೂ ಸೌಖ್ಯವೆಂದು ನಂಬಿದ್ದೇನೆ.

ನಿನ್ನ ಕಾಗದ ಬಂದು ಒಂಬತ್ತು ದಿನವಾಯಿತು. ಅಮ್ಮ ಜವಾಬು ಬರೆಯಲಿಲ್ಲವೆಂದು ಮುನಿಸಿಕೊಂಡಿರುತ್ತೀಯ. ಅವರೆಕಾಯಿ ಕೊಯ್ಲು ಇತ್ತು, ಎಮ್ಮೆ ಕರು ಹಾಕಿತು ಎಂದು ಎರಡು ನೆಪ ಹೇಳಬಹುದು, ಎರಡೂ ಸುಳ್ಳಲ್ಲ. ಆದರೆ ನಿನ್ನ ಹತ್ತಿರ ನೆಪ ಹೇಳಿ ನಾನು ದಕ್ಕಿಸಿಕೊಂಡದ್ದು ಯಾವತ್ತಿದೆ? ನೀನು ಕೇಳಿದ ಪ್ರಶ್ನೆ ಓದಿ ನನಗೆ ಹೆದರಿಕೆಯಾಯಿತು. ಮೂರು ಸಲ ಬರೆಯಲು ಕೂತೆ, ಮೂರು ಸಲವೂ ಅರ್ಧ ಬರೆದು ಒಲೆಗೆ ಹಾಕಿದೆ. ನಾಳೆ ನಿನ್ನ ಅಣ್ಣ ಶ್ಯಾಮಣ್ಣ ತರಕಾರಿ ಹಾಕಿಕೊಂಡು ಹೊಸೂರಿನ ಸಂತೆಗೆ ಬರುತ್ತಾನೆ. ಅವನ ಕೈಯಲ್ಲಿ ಕಳಿಸಬೇಕೆಂದು ಇವತ್ತು ಹಟ ಹಿಡಿದು ಕೂತಿದ್ದೇನೆ.

ಮೊದಲು ಸಂಕ್ರಾಂತಿಯ ತಪ್ಪನ್ನು ಒಪ್ಪಿಕೊಂಡುಬಿಡುತ್ತೇನೆ. ಬಸುರಿನಲ್ಲಿ ಕೆಲವರಿಗೆ ರಕ್ತದಲ್ಲಿ ಸಕ್ಕರೆ ಏರುತ್ತದೆ, ಹೆರಿಗೆಯಾದ ಮೇಲೆ ಸಾಮಾನ್ಯವಾಗಿ ಇಳಿಯುತ್ತದೆ, ಅಲ್ಲಿಯವರೆಗೆ ಸಕ್ಕರೆ ಮುಟ್ಟಬಾರದು ಎಂದು ಡಾಕ್ಟರಮ್ಮ ಹೇಳಿದ್ದನ್ನು ನೀನು ಬರೆದಿದ್ದೆ. ನಾನು ಜಾಣೆ ಏನು ಮಾಡಿದೆ? ಸಕ್ಕರೆ ತಾನೇ ಬೇಡ ಅಂದದ್ದು ಎಂದು ಡಬ್ಬಿ ತುಂಬ ಬೆಲ್ಲದ ಎಳ್ಳುಂಡೆ ಕಟ್ಟಿ ಕಳಿಸಿದೆ. ಸಕ್ಕರೆ ಅಂಗಡಿಯದು, ಬೆಲ್ಲ ನಮ್ಮದು, ಅದರಲ್ಲಿ ಏನು ಕೆಡುಕಿದ್ದೀತು ಎಂಬುದು ನನ್ನ ಐದನೇ ಕ್ಲಾಸಿನ ಬುದ್ಧಿ. ಅಮ್ಮ ಕಳಿಸಿದ್ದು ಎಂದು ನೀನೂ ಮೆದ್ದೆ. ಸಕ್ಕರೆ ಎಷ್ಟಿದೆಯೆಂದು ತೋರಿಸುವ ಆ ನೀಲಿ ಔಷಧಿಗೆ ಎಂಟು ತೊಟ್ಟು ಮೂತ್ರ ಹಾಕಿ ಕಾಯಿಸಿದಾಗ ಇಟ್ಟಿಗೆ ಬಣ್ಣಕ್ಕೆ ತಿರುಗಿತು ಎಂದು ನೀನು ಬರೆದದ್ದನ್ನು ಓದಿ ನಾನು ಅಡುಗೆಮನೆಯಲ್ಲೇ ಕೂತು ಅತ್ತುಬಿಟ್ಟೆ. ಈಗ ಬೆಳಿಗ್ಗೆ ಬೆಳಿಗ್ಗೆ ಪಕ್ಕದ ಮನೆಯ ನರ್ಸಮ್ಮನಿಂದ ಸಕ್ಕರೆ ಇಳಿಸುವ ಸೂಜಿ ಹಾಕಿಸಿಕೊಳ್ಳುತ್ತೀಯಲ್ಲ, ಅದರಲ್ಲಿ ನನ್ನ ಎಳ್ಳುಂಡೆಯ ಪಾಲೆಷ್ಟೋ ದೇವರೇ ಬಲ್ಲ.

ಡಾಕ್ಟರಮ್ಮ ಬರೆದುಕೊಟ್ಟ ಊಟದ ಚೀಟಿಯನ್ನು ನೀನು ಕನ್ನಡದಲ್ಲಿ ಇಳಿಸಿ ಕಳಿಸಿದ್ದು ಒಳ್ಳೆಯದಾಯಿತು. ಗೋಡೆಗೆ ಅಂಟಿಸಿದ್ದೇನೆ. ಮೊಟ್ಟೆ ತಿನ್ನು ಅಂದಾಗ ನಮ್ಮಲ್ಲಿ ಅದೆಲ್ಲ ಇಲ್ಲ ಅಂದೆಯಂತೆ, ಆಕೆ ಬೇಸರ ಮಾಡಿಕೊಳ್ಳದೆ ಕಾಳು, ಸೊಪ್ಪು, ಮೊಸರಿನಲ್ಲೇ ಎಲ್ಲ ಹೊಂದಿಸಿಕೊಟ್ಟರಂತೆ. ಪುಣ್ಯಾತ್ಗಿತ್ತಿ. ಅನ್ನ ಒಂದು ಹಿಡಿ, ರಾಗಿಮುದ್ದೆ ಕಿತ್ತಳೆಹಣ್ಣಿನಷ್ಟು, ಅದರ ಎರಡರಷ್ಟು ಸೊಪ್ಪಿನ ಸಾರು, ಒಂದೇ ಸಲಕ್ಕೆ ತುಂಬ ತಿನ್ನದೆ ದಿನಕ್ಕೆ ಆರು ಸಲ ಸ್ವಲ್ಪ ಸ್ವಲ್ಪ. ಕಿತ್ತಳೆಹಣ್ಣಿನಷ್ಟು ಅಂದರೆ ಅದನ್ನು ಮುದ್ದೆ ಅನ್ನುವುದೇ, ಗುಳಿಗೆ ಅನ್ನಬೇಕು ಅಂದರು ನಿಮ್ಮಪ್ಪ. ಊಟ ಬಲ್ಲವನಿಗೆ ರೋಗವಿಲ್ಲ ಅನ್ನುತ್ತಾರೆ, ಈ ಮನೆಯಲ್ಲಿ ಊಟ ಬಲ್ಲವಳು ನೀನೊಬ್ಬಳೇ ಆದೆ. ಉಂಡ ಮೇಲೆ ಬೀದಿಯ ಕೊನೆಯವರೆಗೆ ನಡೆದು ಬರುತ್ತೀಯೆಂದು, ಈಗ ಆ ಔಷಧಿ ಬರೀ ತಿಳಿಹಸಿರಿಗೆ ನಿಲ್ಲುತ್ತದೆಂದು ಓದಿ ಸಂತೋಷವಾಯಿತು.

ಶ್ಯಾಮಣ್ಣನ ಚೀಲದಲ್ಲಿ ಹುರುಳಿಕಾಳು, ಬಿಡಿಸಿದ ಅವರೆಕಾಳು, ಈಗ ತಾನೇ ಬೀಸಿಸಿದ ರಾಗಿಹಿಟ್ಟು, ನಾಲ್ಕು ಹಾಗಲಕಾಯಿ ಇವೆ. ಹಾಗಲಕಾಯಿಯ ಕಹಿ ತೆಗೆಯಲು ಬೆಲ್ಲ ಹಾಕಬೇಡ. ಇದನ್ನು ನಾನು ಹೇಳುವ ಕಾಲ ಬಂತು ನೋಡು. ಹುರುಳಿಯನ್ನು ಮೊಳಕೆ ಕಟ್ಟಿ ಬಸ್ಸಾರು ಮಾಡಿಕೊ.

ನಿಮ್ಮತ್ತೆ ನಾರಾಯಣಮ್ಮನವರ ವಿಚಾರ ಓದಿ ನನಗೆ ಕಣ್ಣು ತುಂಬಿತು. ಸೊಸೆಗಿಲ್ಲದ ಸಿಹಿ ತನಗೇಕೆ ಎಂದು ಸಕ್ಕರೆಯಿಲ್ಲದ ಕಾಫಿ ಕುಡಿಯುತ್ತಾರಂತಲ್ಲ. ಅಂಥವರ ಮೇಲೆ ಸಿಟ್ಟು ಮಾಡಿಕೊಳ್ಳಬೇಡ. ಶನಿವಾರದ ಗ್ರಹಣದ ವಿಷಯದಲ್ಲೂ ಅವರು ಕೆಟ್ಟದ್ದು ಬಯಸಿ ಮಾತಾಡಿಲ್ಲ, ಹೆದರಿ ಮಾತಾಡಿದ್ದಾರೆ.

ಇನ್ನು ಆ ಶನಿವಾರಕ್ಕೆ ಬರುತ್ತೇನೆ. ಇಲ್ಲಿಯೂ ಗ್ರಹಣದ್ದೇ ಸುದ್ದಿ. ಮಧ್ಯಾಹ್ನ ಎರಡು ದಾಟಿದ ಮೇಲೆ ಹಿಡಿದು ಐದರ ಹೊತ್ತಿಗೆ ಬಿಡುತ್ತದಂತೆ. ಹೊತ್ತು ಮೂಡುವ ಮೊದಲಿನಿಂದಲೇ ನಿನಗೆ ಅನ್ನ ನೀರು ಕೂಡದು, ಕತ್ತಲೆ ಕೋಣೆಯಲ್ಲಿ ಮಲಗಿರಬೇಕು, ಬಿಟ್ಟ ಮೇಲೆ ಸ್ನಾನ ಮಾಡಿ ಹೊಸದಾಗಿ ಬೇಯಿಸಿದ್ದನ್ನೇ ಉಣ್ಣಬೇಕು ಎಂಬುದು ನಿಮ್ಮತ್ತೆಯ ಮಾತು. ಡಾಕ್ಟರಮ್ಮನ ಮಾತು ಬೇರೆ. ನೀನು ಕೇಳಿದ್ದಕ್ಕೆ ಆಕೆ ತಮಿಳಿನಲ್ಲಿ, "ಊಸಿ ಪೋಟ್ಟಾ ಟೈಮುಕ್ಕು ಸಾಪ್ಪಿಡಣುಂ" ಅಂದರಂತೆ. ಸೂಜಿ ಹಾಕಿಸಿಕೊಂಡು ಹೊತ್ತಿಗೆ ಸರಿಯಾಗಿ ತಿನ್ನದಿದ್ದರೆ ಬೆವರಿ, ಕಣ್ಣು ಕತ್ತಲಿಟ್ಟು ಬೀಳುತ್ತೀಯ, ನಿನಗೂ ಮಗುವಿಗೂ ಅಪಾಯ. ಅವತ್ತೊಂದು ದಿನ ಸೂಜಿಯನ್ನೇ ಬಿಟ್ಟರೆ ಅಂದದ್ದಕ್ಕೆ ಅದೂ ಆಗದು ಅಂದರಂತೆ. ಅಳಿಯಂದಿರಿಗೆ ಅವತ್ತು ಕಾರ್ಖಾನೆಯಲ್ಲಿ ಹಗಲು ಶಿಫ್ಟು. ಮನೆಯಲ್ಲಿ ನೀವಿಬ್ಬರೇ. ನಿನಗೆ ಅತ್ತ ದರಿ, ಇತ್ತ ಪುಲಿ.

ನಿಮ್ಮತ್ತೆ ಅಂದದ್ದನ್ನು ನೀನು ಮುಚ್ಚಿಡದೆ ಬರೆದೆ. "ಅವತ್ತು ಗ್ರಹಣದಾಗೆ ನಿಮ್ಮಮ್ಮ ತಡೀಲಾರ್ದೆ ತಿಂದಿದ್ಕೇ ನಿಮ್ಮಣ್ಣನ್ ತುಟಿ ಸೀಳ್ತು. ಮನೇಲೇ ಕಂಡ್ಮೇಲೂ ನೀನು ತಿಂತೀನಂತೀಯಲ್ಲವ್ವಾ" ಅಂದರಂತೆ. ಅವರೇನು ಹೊಸದಾಗಿ ಹುಟ್ಟಿಸಿ ಹೇಳಲಿಲ್ಲ. ಬೇರಿಕೆಯಲ್ಲಿ ಯಾವ ಹುಡುಗಿ ಬಸುರಾದರೂ ಗ್ರಹಣ ಬಂದರೆ ಪಂಚಾಂಗಕ್ಕಿಂತ ಮೊದಲು ನನ್ನ ಹೆಸರು ಬರುತ್ತದೆ. ಶ್ಯಾಮಣ್ಣ ಮೀಸೆ ಬಿಟ್ಟು ತುಟಿ ಮರೆಮಾಡಿಕೊಂಡ, ಊರಿನ ಬಾಯಿಗೆ ಮರೆಯಿಲ್ಲ. ಅಂಥ ನನ್ನನ್ನೇ ನೀನು ಕೇಳಿದ್ದೀಯ, "ನೀನು ಹೆಂಗೆ ಹೇಳ್ತೀಯೋ ಹಂಗೆ ಮಾಡ್ತೀನಮ್ಮ" ಎಂದು.

ನಾನು ಹೇಳುವುದು ಇಷ್ಟೇ ಮಗಳೇ. ಶನಿವಾರ ನೀನು ಊಟ ಮಾಡು. ಬೆಳಿಗ್ಗೆ ಸೂಜಿಯಾದ ಮೇಲೆ ರಾಗಿರೊಟ್ಟಿ, ಸೊಪ್ಪಿನ ಪಲ್ಯ. ಹತ್ತು ಗಂಟೆಗೆ ಮಜ್ಜಿಗೆ, ನೆನೆಸಿದ ಹೆಸರುಬೇಳೆಯ ಕೋಸಂಬರಿ. ಮಧ್ಯಾಹ್ನ ಹಿಡಿಯುವ ಮೊದಲೇ ಚೀಟಿಯಲ್ಲಿರುವ ಊಟ. ನಡುವೆ ನಾಲ್ಕಕ್ಕೆ ನೀನು ತಿನ್ನಬೇಕಾದದ್ದೂ ಇದೆ, ಅದು ಗ್ರಹಣದ ನಟ್ಟನಡುವೆಯೇ ಬರುತ್ತದೆ. ಅದನ್ನೂ ತಿನ್ನು. ನಿಮ್ಮತ್ತೆಯ ಜೊತೆ ಜಗಳ ಬೇಡ. ಮಲಗು ಅಂದರೆ ಮಲಗು, ಸೂಜಿದಾರ ಮುಟ್ಟಬೇಡ ಅಂದರೆ ಮುಟ್ಟಬೇಡ, ಕಿಟಕಿಗೆ ಕಂಬಳಿ ಕಟ್ಟಿದರೆ ಕಟ್ಟಲಿ, ಮೊಸರಿಗೆ ದರ್ಭೆ ಹಾಕಿದರೆ ಹಾಕಲಿ. ಅದರಿಂದ ಯಾರಿಗೂ ನಷ್ಟವಿಲ್ಲ. ಊಟವೊಂದನ್ನು ಮಾತ್ರ ಬಿಡಬೇಡ. ನಿಮ್ಮಪ್ಪ ಕುಂಟಿಕೊಂಡೇ ಹೋಗಿ ದೇವಸ್ಥಾನದ ಐನೋರನ್ನು ಕೇಳಿ ಬಂದರು. ಕಾಯಿಲೆಯವರಿಗೆ, ಮಕ್ಕಳಿಗೆ ಶಾಸ್ತ್ರದಲ್ಲಿ ವಿನಾಯಿತಿ ಉಂಟು, ಬಸುರಿಯ ವಿಷಯ ನನ್ನನ್ನು ಕೇಳಬೇಡಿ ಅಂದರಂತೆ. ನೀನು ಸೂಜಿ ಹಾಕಿಸಿಕೊಳ್ಳುವವಳು, ಕಾಯಿಲೆಯವರ ಲೆಕ್ಕಕ್ಕೇ ಸೇರಿಸಿಕೊ.

ನಾನೇ ಬಂದು ಎದುರಿಗೆ ಕೂತು ತಿನ್ನಿಸುತ್ತಿದ್ದೆ. ಆದರೆ ಗ್ರಹಣದ ದಿನ ನಾನು ಆ ಮನೆಯ ಹೊಸಿಲು ತುಳಿದರೆ ನಿಮ್ಮತ್ತೆಯ ಜೀವ ಇನ್ನಷ್ಟು ಹಾರುತ್ತದೆ. ಭಾನುವಾರ ಮೊದಲನೇ ಬಸ್ಸಿಗೆ ಬರುತ್ತೇನೆ.

ಸೊಂಟ ನೋವೆಂದು ಬರೆದಿದ್ದೆ. ಬಿಸಿನೀರಿನ ಬಟ್ಟೆ ಹಾಕಿಕೊ, ಭಾರದ ಕೊಡ ಎತ್ತಬೇಡ. ಅಳಿಯಂದಿರಿಗೆ ನನ್ನ ಆಶೀರ್ವಾದ ತಿಳಿಸು, ನಿಮ್ಮತ್ತೆಗೆ ನಮಸ್ಕಾರ ಹೇಳು. ವೆಂಕಟರಮಣ ನಿನ್ನ ಮಡಿಲು ತುಂಬಲಿ, ನಿನ್ನ ಒಡಲಿನ ಕೂಸು ಹೊತ್ತು ಹೊತ್ತಿಗೆ ಉಂಡು ಬೆಳೆಯಲಿ.

ನಿನ್ನ ಪ್ರೀತಿಯ ಅಮ್ಮ,
ಸಾಕಮ್ಮ

ತಾ.ಕ.: ಮಡಿಸಿಟ್ಟ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ಇದನ್ನು ಬರೆಯದಿದ್ದರೆ ನೀನು ತಿನ್ನುವುದಿಲ್ಲ, ತಿಂದರೂ ಹೆರಿಗೆಯವರೆಗೆ ಹೆದರಿ ಹೆದರಿ ಸಾಯುತ್ತೀಯ ಎಂದು ನನಗೆ ಗೊತ್ತು.

ಆದೀ, ನಾನು ಆವತ್ತು ಏನೂ ತಿಂದಿರಲಿಲ್ಲ.

ಅದು ಬೆಳಗಿನ ಗ್ರಹಣ. ನನಗೆ ಆಗ ಮೂರು ತಿಂಗಳು. ಹಿಂದಿನ ಸಂಜೆಯಿಂದ ಒಂದು ಹನಿ ನೀರೂ ಇಲ್ಲದೆ ಒಳಮನೆಯಲ್ಲಿ ಮಲಗಿದ್ದೆ. ನಿಮ್ಮ ಅಜ್ಜಿ ಬಾಗಿಲಿಗೆ ಅಡ್ಡವಾಗಿ ಕೂತು ಕಾದಿದ್ದರು. ಇಷ್ಟು ನಿಯಮ ಹಿಡಿದೂ ಶ್ಯಾಮಣ್ಣ ಹಾಗೆ ಹುಟ್ಟಿದ. ಮೊಲೆ ಚೀಪಲು ಆಗುತ್ತಿರಲಿಲ್ಲ, ಹತ್ತಿಯ ಬತ್ತಿಯಲ್ಲಿ ಹಾಲು ಅದ್ದಿ ಬಾಯಿಗೆ ಬಿಡುತ್ತಿದ್ದೆ. ಹನ್ನೊಂದನೆಯ ದಿನ ಜಗುಲಿಯಲ್ಲಿ ಹಿರಿಯರೆಲ್ಲ ಕೂತರು. ತಾಯಿಯ ಕಡೆ ತಪ್ಪಿಲ್ಲವೆಂದ ಮೇಲೆ ದೋಷ ಮಗುವಿನದೇ, ಅದು ಮನೆಗೆ ಆಗಿಬರುವುದಿಲ್ಲ, ಯಾವುದಾದರೂ ಮಠದ ಬಾಗಿಲಲ್ಲಿ ಬಿಟ್ಟು ಬನ್ನಿ ಎಂದು ನಿಮ್ಮ ದೊಡ್ಡಪ್ಪ ಅಂದರು. ನಿಮ್ಮಪ್ಪ ಅಣ್ಣನ ಎದುರು ತಲೆ ಎತ್ತಲಿಲ್ಲ. ಬಾಣಂತಿ ನಾನು ಎದ್ದು ಬಾಗಿಲಿಗೆ ಬಂದು, "ಮಗೀಂದೇನೂ ತಪ್ಪಿಲ್ಲ. ನಾನೇ ಕದ್ದು ತಿಂದೆ, ಒಂದ್ ಹಿಡಿ ಹುರಿಗಡ್ಲೆ" ಅಂದೆ. ಸುಳ್ಳೆಂದು ಅಜ್ಜಿಗೆ ಗೊತ್ತಿತ್ತು. ಅವರು ನನ್ನ ಮುಖ ನೋಡಿದರು, ಸಾಯುವವರೆಗೂ ಬಾಯಿ ಬಿಡಲಿಲ್ಲ. ಮಗು ಮನೆಯಲ್ಲಿ ಉಳಿಯಿತು.

ಊರಿನ ಮಾತು ನನಗೆ ತಾಗಲಿಲ್ಲ. ಒಂದು ಮಾತು ಮಾತ್ರ ತಾಗಿತು. ಶ್ಯಾಮಣ್ಣನಿಗೆ ಆಗ ಹತ್ತು ವರ್ಷ. ಸ್ಕೂಲಿನಲ್ಲಿ ಯಾರೋ ಏನೋ ಅಂದಿರಬೇಕು, ಬಂದು ನನ್ನ ಪಕ್ಕ ಕೂತು ಕೇಳಿದ, "ಅವತ್ತು ನಿಂಗೆ ಅಷ್ಟೊಂದ್ ಹಸಿವಾಗಿತ್ತೇನಮ್ಮಾ?" ಹೂಂ ಕಣಪ್ಪ ಅಂದೆ. ಆಮೇಲೆ ಅವನು ಯಾವತ್ತೂ ಕೇಳಲಿಲ್ಲ. ಆದರೆ ಅಂದಿನಿಂದ ಇಂದಿನವರೆಗೂ ನಾನು ಉಂಡೆನೋ ಇಲ್ಲವೋ ಎಂದು ನೋಡದೆ ಅವನು ತಟ್ಟೆಗೆ ಕೈ ಹಾಕಿದವನಲ್ಲ.

ನಿಮ್ಮತ್ತೆಗೆ ಇದನ್ನು ಓದಿ ಹೇಳು. ಆಮೇಲೆ ಶ್ಯಾಮಣ್ಣನನ್ನು ಕೂರಿಸಿ ಅವನ ಕೈಗೂ ಕೊಡು, ನನ್ನ ಬಾಯಲ್ಲಿ ಅವನಿಗೆ ಹೇಳಲು ಇಷ್ಟು ವರ್ಷ ಆಗಲಿಲ್ಲ. ನನಗೆ ಹಸಿವಾಗಿದ್ದದ್ದು ನಿಜ, ತಿಂದದ್ದು ಸುಳ್ಳು ಎಂದು ಅವನಿಗೆ ತಿಳಿಯಲಿ.