ತೊಳೆಯದ ಮೂವತ್ತೆಂಟು ಹಳದಿ ಗೆರೆಗಳು

ಮಾನ್ಯ ವಾಹನ ತಪಾಸಣಾಧಿಕಾರಿಗಳೇ,

ನನ್ನ ಮಗಳ ಪಿಕಪ್ ಗಾಡಿಯ ಅಡಿಭಾಗದಲ್ಲಿರುವ ಹಳದಿ ಬಣ್ಣವನ್ನು ತೊಳೆದು ತರಬೇಕೆಂದು ನೋಟಿಸು ಕಳಿಸಿದ್ದೀರಿ. ನಾನು ತೊಳೆಯುವುದಿಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಪೂರ್ತಿ ಓದುವ ಶ್ರಮ ತಮಗೆ ತಪ್ಪುತ್ತದೆ. ಆದರೂ ಪತ್ರಿಕೆಗೂ ಒಂದು ಪ್ರತಿ ಕಳಿಸಿದ್ದೇನೆ. ನೀವಲ್ಲದಿದ್ದರೆ ಊರಿನವರಾದರೂ ಓದಲಿ.

ನಾನು ದರ್ಜಿ. ಏಳನೆಯ ತರಗತಿಯವರೆಗೆ ಓದಿದವನು. ನನ್ನ ಅಳತೆ ಪುಸ್ತಕದ ಮುಂದಿನ ಪುಟಗಳಲ್ಲಿ ಗಿರಾಕಿಗಳ ಸೊಂಟ, ತೋಳು, ಕಾಲುದ್ದ ಇರುತ್ತವೆ. ಅದನ್ನೇ ಹಿಂದಿನಿಂದ ತೆರೆದರೆ ನನ್ನ ದಿನಚರಿ. ಮಾತು ಕಡಿಮೆ ಇರುವವನಿಗೆ ಬರೆಯುವ ಚಟ ಜಾಸ್ತಿ ಎಂದು ಮಗಳು ಹಾಸ್ಯ ಮಾಡುತ್ತಿದ್ದಳು. ಅವಳು ಮೆಕ್ಯಾನಿಕ್. ಹನ್ನೊಂದು ವರ್ಷ ಒಂದೇ ಗ್ಯಾರೇಜಿನಲ್ಲಿ ದುಡಿದಳು. ಈಗ ಇಲ್ಲ. ಎರಡು ತಿಂಗಳ ಹಿಂದೆ ಕೆಲಸಕ್ಕೆ ಹೋದವಳು ಮಧ್ಯಾಹ್ನ ಕೈ ತೊಳೆಯುತ್ತಾ ನಿಂತಲ್ಲೇ ಕುಸಿದಳು. ಮೆದುಳಿನಲ್ಲಿ ರಕ್ತನಾಳ ಒಡೆದಿತ್ತು ಎಂದರು ವೈದ್ಯರು. ಅದಕ್ಕೂ ಗಾಡಿಗೂ ಸಂಬಂಧವಿಲ್ಲ. ಇದನ್ನು ಸ್ಪಷ್ಟವಾಗಿ ಬರೆಯುತ್ತಿದ್ದೇನೆ, ಇಲ್ಲವಾದರೆ ನಾಳೆ ಅದನ್ನೂ ಒಂದು ಆಕ್ಷೇಪಣೆ ಮಾಡಿ ಕಳಿಸುತ್ತೀರಿ.

ಅಪಘಾತವಾಗಿ ಮೂಲೆ ಸೇರಿದ್ದ ಆ ಪಿಕಪ್ಪನ್ನು ಅವಳೇ ತಂದು ನಿಲ್ಲಿಸಿಕೊಂಡಿದ್ದಳು. ಮುಂದೆ ಎಂಟು ಸಿಲಿಂಡರಿನ ಎಂಜಿನ್ನು. ಹಿಂದೆ ಹಳೆಯ ಕಾಲದ ಕಮಾನು ಪಟ್ಟಿಗಳು, ಅವುಗಳ ಮೇಲೆ ಎರಡೂ ಚಕ್ರಗಳನ್ನು ಬಿಗಿದ ಒಂದೇ ಗಟ್ಟಿ ಅಚ್ಚು. ಸರಕು ತುಂಬಿದ್ದರೆ ಸಾಧು, ಖಾಲಿ ಇದ್ದರೆ ಹುಚ್ಚುಕುದುರೆ.

ಕಳೆದ ವರ್ಷ ಒಂದು ಒದ್ದೆ ತಿರುವಿನಲ್ಲಿ ಅದರ ಬಾಲ ಬೀಸಿತು. ನಾನು ಪಕ್ಕದಲ್ಲಿದ್ದೆ, ತೊಡೆಯ ಮೇಲೆ ಇಸ್ತ್ರಿ ಮಾಡಿದ ಆರು ಕೋಟುಗಳು. ಗಾಡಿ ಗಿರಕಿ ಹೊಡೆದು, ಬಂದ ದಾರಿಗೇ ಮುಖ ಮಾಡಿ ನಿಂತಿತು.

"ಅಪ್ಪಾ, ಉಸಿರಾಡು," ಎಂದಳು.

"ವಾಪಸ್ ಯಾಕೆ ತಿರುಗಿಸ್ದೆ? ಏನಾದ್ರೂ ಮರೆತು ಬಂದ್ವಾ?" ಎಂದೆ. ಇಬ್ಬರೂ ನಕ್ಕೆವು. ಮನೆಗೆ ಬಂದು ಆರೂ ಕೋಟುಗಳಿಗೆ ಮತ್ತೆ ಇಸ್ತ್ರಿ ಹಾಕಿದೆ.

ಮಾನ್ಯರೇ, ಅದಕ್ಕೆ ಸರಿಯಾಗಿ ಎಂಟು ದಿನ ಮುಂಚೆ ಅದೇ ಗಾಡಿಗೆ ನಿಮ್ಮ ಕಚೇರಿ "ರಸ್ತೆಗೆ ಯೋಗ್ಯ" ಎಂದು ಮೊಹರು ಹಾಕಿ ಕೊಟ್ಟಿತ್ತು. ಏಕೆಂದರೆ ಅದು ಮೂಲ ಸ್ಥಿತಿಯಲ್ಲಿತ್ತು. ಮೂಲ ಸ್ಥಿತಿಯಲ್ಲೇ ನಾವಿಬ್ಬರೂ ಸತ್ತಿದ್ದರೆ ತಮ್ಮ ದಾಖಲೆಯಲ್ಲಿ ಒಂದು ತಪ್ಪೂ ಇರುತ್ತಿರಲಿಲ್ಲ!

ಆಮೇಲೆ ಅವಳು ಹಿಂಭಾಗವನ್ನೇ ಬದಲಿಸಲು ಕೂತಳು. ಅದೇ ಕಂಪನಿಯ ದೊಡ್ಡ ಕಾರಿನಿಂದ ಹಿಂದಿನ ಸಸ್ಪೆನ್ಷನ್ ತಂದಳು. ಅದರಲ್ಲಿ ಒಂದೊಂದು ಚಕ್ರಕ್ಕೆ ಅದರದ್ದೇ ತೋಳು, ಅದರದ್ದೇ ಸ್ಪ್ರಿಂಗು. ಎಂಜಿನ್ನಿನ ಬಲವನ್ನು ಎರಡು ಚಕ್ರಗಳಿಗೆ ಹಂಚುವ ಡಿಫರೆನ್ಷಿಯಲ್ ಎಂಬ ಗುಂಡು ಪೆಟ್ಟಿಗೆಯಲ್ಲೂ ಇನ್ನಷ್ಟು ಗಟ್ಟಿಯಾದದ್ದನ್ನು ಆರಿಸಿ ಕೂರಿಸಿದಳು. ನನಗೆ ಅರ್ಥವಾಗದೆ ಕಣ್ಣು ಪಿಳಿಪಿಳಿ ಬಿಡುತ್ತಿದ್ದರೆ, "ಅಪ್ಪಾ, ಇಷ್ಟು ದಿನ ಇದು ಗೋಣಿಚೀಲದೊಳಗೆ ಎರಡೂ ಕಾಲು ತೂರಿಸ್ಕೊಂಡು ಓಡ್ತಿತ್ತು. ನಾನು ಇದಕ್ಕೆ ಪ್ಯಾಂಟು ಹೊಲೀತಿದೀನಿ, ಅಷ್ಟೇ," ಎಂದಳು. ತಮ್ಮ ಇಂಜಿನಿಯರುಗಳು ಇದಕ್ಕಿಂತ ಚೆನ್ನಾಗಿ ವಿವರಿಸಬಲ್ಲರೇ?

ಏಳು ತಿಂಗಳು, ರಜೆಯ ಬೆಳಗುಗಳಲ್ಲೆಲ್ಲಾ ಕೆಲಸ ನಡೆಯಿತು. ನಾನು ಪಕ್ಕದಲ್ಲಿ ಮಲಗಿ ಟಾರ್ಚು ಹಿಡಿಯುತ್ತಿದ್ದೆ. "ಬೋಲ್ಟಿಗೆ ಹಿಡಿ ಅಪ್ಪಾ, ನನ್ನ ಮುಖಕ್ಕಲ್ಲ. ನನ್ನ ಮುಖ ಆಮೇಲೆ ನೋಡ್ಕೋ." ಹೀಗೆ ಬೈಸಿಕೊಂಡದ್ದನ್ನೆಲ್ಲಾ ದಿನಚರಿಯಲ್ಲಿ ಬರೆದಿಟ್ಟಿದ್ದೇನೆ.

ಇನ್ನು ಬಣ್ಣದ ವಿಷಯ. ಒಂದೊಂದು ಬೋಲ್ಟನ್ನೂ ಕಂಪನಿ ಹೇಳಿದ ಅಳತೆಗೆ ಬಿಗಿದ ಮೇಲೆ, ಬೋಲ್ಟಿನ ತಲೆಯಿಂದ ಪಕ್ಕದ ಕಬ್ಬಿಣದವರೆಗೆ ಒಂದು ಹಳದಿ ಗೆರೆ ಎಳೆಯುತ್ತಿದ್ದಳು. ಬೋಲ್ಟು ಕೂದಲೆಳೆಯಷ್ಟು ಸಡಿಲವಾದರೂ ಗೆರೆ ಮುರಿದು ಕಾಣುತ್ತದೆ. ತೋಳನ್ನು ಅಂಗಿಗೆ ಕೂಡಿಸುವ ಮುಂಚೆ ನಾವೂ ಎರಡೂ ಬಟ್ಟೆಗೆ ಸೇರಿಸಿ ಸೀಮೆಸುಣ್ಣದ ಗುರುತು ಹಾಕುತ್ತೇವೆ. ಅವಳು ಚಿಕ್ಕಂದಿನಲ್ಲಿ ನನ್ನ ಮೇಜಿನ ಕೆಳಗೆ ಕೂತು ಅದನ್ನು ನೋಡಿದವಳು. ಆ ಹಳದಿ ಅವಳ ಚಿಕ್ಕಮ್ಮ ಆಸೆಪಟ್ಟು ಕೊಟ್ಟ ಉಗುರುಬಣ್ಣ. "ಹಚ್ಕೊಂಡ್ಯೇನೇ?" ಎಂದು ಕೇಳಿದ್ದಕ್ಕೆ, "ಹಚ್ಚಿದೀನಿ ಚಿಕ್ಕಮ್ಮ, ಗಾಡಿ ಅಡಿಗೆ ಬಂದು ನೋಡು," ಎಂದಿದ್ದಳು. ನಿಮ್ಮ ನೋಟಿಸು ಅದನ್ನು "ಅನಧಿಕೃತ ಬಣ್ಣದ ಗೀಚುಗಳು" ಎನ್ನುತ್ತದೆ.

ಗೀಚು! ಅಡಿಗೆ ಹೋಗಿ ನೋಡಿದವರು ಹಾಗೆ ಬರೆಯುತ್ತಿದ್ದರೇ? ಮಾರ್ಪಾಡಿಗೆ ಒಪ್ಪಿಗೆ ಸಿಗುವವರೆಗೆ ಓಡಿಸಬಾರದೆಂಬ ನಿಮ್ಮ ನಿಯಮಕ್ಕೆ ತಲೆಬಾಗಿ, ಗ್ಯಾರೇಜಿನ ಮೇಸ್ತ್ರಿ ಗಾಡಿಯನ್ನು ಲಾರಿಯ ಮೇಲೆ ಹೇರಿಕೊಂಡು ನಿಮ್ಮ ಅಂಗಳಕ್ಕೆ ತಂದರು. ನಿಮ್ಮ ತಪಾಸಕರು ಮೊಬೈಲನ್ನು ಗಾಡಿಯ ಕೆಳಗೆ ತೂರಿಸಿ ಎರಡು ಫೋಟೋ ತೆಗೆದರು. ಮೊಣಕಾಲು ನೆಲಕ್ಕೆ ತಾಗಲಿಲ್ಲ. ಪ್ಯಾಂಟಿನ ಇಸ್ತ್ರಿ ಗೆರೆ ಬಂದಾಗ ಹೇಗಿತ್ತೋ ಹೋಗುವಾಗಲೂ ಹಾಗೇ ಇತ್ತು. ಅಂಥದ್ದು ದರ್ಜಿಯ ಕಣ್ಣಿಗೆ ತಪ್ಪುವುದಿಲ್ಲ.

ಮಗಳು ಹೋದ ಮೇಲೆ ನಾನು ಕೊಟ್ಟ ಅರ್ಜಿಯಲ್ಲಿ "ಮಾರ್ಪಾಡು ಮಾಡಿದವರು" ಎಂಬ ಕಡೆ ಅವಳ ಹೆಸರಿತ್ತು. ಗುಮಾಸ್ತರು ನನ್ನನ್ನು ಕರೆದರು.

"ಯಜಮಾನ್ರೇ, ಮಾಡಿದವರೇ ಬಂದು ಸಹಿ ಹಾಕ್ಬೇಕು."

"ಅವಳು ತೀರಿಕೊಂಡ್ಳು ಸ್ವಾಮಿ."

"ಓಹೋ. ಹಾಗಾದ್ರೆ ಅವರಿಂದ ಒಂದು ಅಧಿಕಾರ ಪತ್ರ ಬರೆಸ್ಕೊಂಡು ಬನ್ನಿ."

ಹೇಳಿ ಮುಗಿಸುವಷ್ಟರಲ್ಲಿ ಅವರಿಗೇ ಹೊಳೆದು ಮುಖ ಕೆಂಪಾಯಿತು. ಕೆಟ್ಟ ಮನುಷ್ಯರಲ್ಲ. ದನಿ ತಗ್ಗಿಸಿ, "ಒಂದ್ ಕೆಲ್ಸ ಮಾಡಿ. ಇವರೇ ಮಾಡಿದ್ದು ಅಂತ ಮೇಸ್ತ್ರಿ ಹೆಸ್ರು ಹಾಕ್ಬಿಡಿ. ಗೀಚು ತೊಳೆಸಿ. ಮುಗಿದೇ ಹೋಗುತ್ತೆ," ಎಂದರು.

ಮೇಸ್ತ್ರಿ ನನಗಿಂತ ಮೊದಲೇ ಬಾಯಿಬಿಟ್ಟರು. "ನನ್ನ ಕೈಯಲ್ಲಿ ಆಗದ ಕೆಲ್ಸಕ್ಕೆ ನನ್ನ ಹೆಸರಾ? ಅವಳು ಮೇಲಿಂದ ನಗ್ತಾಳೆ."

ಸುಳ್ಳು ಬರೆದರೆ ಪಾಸು, ನಿಜ ಬರೆದರೆ ಫೇಲು. ಈಗ ಬಂದಿರುವ ನೋಟಿಸಿನ ಪ್ರಕಾರ ಮೂವತ್ತು ದಿನಗಳೊಳಗೆ ಬಣ್ಣ ತೊಳೆದು, ಹಳೆಯ ಅಚ್ಚನ್ನೇ ಹಾಕಿ ಮೂಲ ಸ್ಥಿತಿಗೆ ತರಬೇಕು, ತಪ್ಪಿದರೆ ನೋಂದಣಿ ರದ್ದು, ಗಾಡಿ ಗುಜರಿಗೆ. ಅಂದರೆ ನನ್ನ ಮಗಳ ಕೆಲಸವನ್ನು ಬಿಚ್ಚಿ ಬಿಸಾಡಿ, ನಮ್ಮನ್ನು ಗಿರಕಿ ಹೊಡೆಸಿದ ಹುಚ್ಚುಕುದುರೆಯನ್ನೇ ಮತ್ತೆ ಕಟ್ಟಬೇಕು. ಆಗ ನಿಮ್ಮ ಮನಸ್ಸಿಗೆ ನೆಮ್ಮದಿ.

ನೋಟಿಸು ಬಂದ ಮರುದಿನ ನಾನೇ ಅಡಿಗೆ ನುಸುಳಿದೆ. ಟಾರ್ಚು ಹಿಡಿಯಲು ಯಾರೂ ಇರಲಿಲ್ಲ, ಹಲ್ಲಿನಲ್ಲಿ ಕಚ್ಚಿಕೊಂಡೆ. ಎಣಿಸಿದೆ. ನಲವತ್ತೆರಡು ಬೋಲ್ಟು, ಮೂವತ್ತೆಂಟು ಗೆರೆ. ಒಂದೂ ಮುರಿದಿರಲಿಲ್ಲ. ಆದರೆ ನಾಲ್ಕು ಬೋಲ್ಟುಗಳ ಮೇಲೆ ಗೆರೆಯೇ ಇರಲಿಲ್ಲ.

ಮನೆಯಲ್ಲಿ ಆ ಉಗುರುಬಣ್ಣದ ಸೀಸೆ ಇತ್ತು. ನಾಲ್ಕು ಗೆರೆ ಎಳೆಯಲು ನನ್ನ ಕೈಗೆ ಎಷ್ಟು ಹೊತ್ತು? ಸುಳ್ಳು ಹೇಳುವುದಿಲ್ಲ, ಸೀಸೆಯ ಮುಚ್ಚಳದವರೆಗೆ ಕೈ ಹೋಗಿತ್ತು. ಆದರೆ ಬಿಗಿಯದೆ ಎಳೆದ ಗೆರೆ ಅವಳದ್ದಾಗುವುದಿಲ್ಲ, ನಿಮ್ಮ ಮೊಹರಿನಂಥದ್ದಾಗುತ್ತದೆ. ಮೇಸ್ತ್ರಿಯನ್ನು ಕರೆದೆ.

ಅವರು ಅಡಿಯಲ್ಲಿ ಮಲಗಿ ಬಹಳ ಹೊತ್ತು ನೋಡಿದರು. ಹೊರಗೆ ಬಂದಾಗ ಕಣ್ಣು ಒದ್ದೆಯಾಗಿತ್ತು. "ತಪ್ಪು ಮಾಡಿಲ್ಲ ಅಣ್ಣಾ. ಇವು ತೋಳು ಕೂಡೋ ಕಡೆಯ ರಬ್ಬರ್ ಬುಷ್ಷಿನ ಬೋಲ್ಟು. ಗಾಡಿ ಎತ್ತಿಟ್ಟಾಗ ಇವನ್ನ ಬಿಗಿದ್ರೆ ಕೆಳಗಿಳಿಸಿದ ಕೂಡ್ಲೇ ರಬ್ಬರ್ ತಿರುಚಿ ಹರಿಯುತ್ತೆ. ಚಕ್ರದ ಮೇಲೆ ಭಾರ ಬಿದ್ದು ನಿಂತ ಮೇಲೇನೇ ಕೊನೇ ಬಿಗಿ. ಅದಕ್ಕೇ ಬಿಟ್ಟಿದಾಳೆ."

ನಾನು ಓಡಿಹೋಗಿ ದಿನಚರಿ ತೆರೆದೆ. ಅವಳು ಹೋಗುವ ಹಿಂದಿನ ದಿನದ ಪುಟದಲ್ಲಿ ನನ್ನದೇ ಅಕ್ಷರ: "ನಾಲ್ಕು ಬಾಕಿ. ನಾಳೆ ಗಾಡಿ ಇಳಿಸಿದ ಮೇಲೆ ಅಂದಳು." ಬರೆದಿದ್ದೆ, ಅರ್ಥ ತಿಳಿದಿರಲಿಲ್ಲ. ನಲವತ್ತು ವರ್ಷದಿಂದ ನಾನು ಮಾಡುವುದೂ ಅದನ್ನೇ. ಗಿರಾಕಿ ಪ್ಯಾಂಟು ತೊಟ್ಟು ನೆಟ್ಟಗೆ ನಿಂತ ಮೇಲೆಯೇ ಕಾಲಿನ ಅಂಚು ಮಡಿಸುವುದು.

ಈ ಕೊರತೆಯನ್ನು ನಿಮ್ಮ ತಪಾಸಕರು ಹಿಡಿಯಲಿಲ್ಲ. ನಾನಾಗಿಯೇ ನಿಮಗೆ ತಿಳಿಸುತ್ತಿದ್ದೇನೆ, ಊರಿನ ಎದುರು.

ಪಾಸು ಮಾಡಿ ಎಂದು ನಾನು ಬೇಡುತ್ತಿಲ್ಲ. ನೋಡಿ ಎಂದು ಒತ್ತಾಯಿಸುತ್ತಿದ್ದೇನೆ. ಗಡುವಿಗೆ ಇನ್ನೂ ಹನ್ನೆರಡು ದಿನ ಇದೆ. ಅಡಿಗೆ ನುಸುಳಬಲ್ಲ ಒಬ್ಬರನ್ನು ಕಳಿಸಿ. ಮಲಗಿಕೊಂಡು ಅಡಿಗೆ ಸರಿಯಲು ಚಕ್ರದ ಹಲಗೆ ನಮ್ಮಲ್ಲಿದೆ, ಹಾಸಲು ನನ್ನ ಅಂಗಡಿಯ ಬಟ್ಟೆ ಕೊಡುತ್ತೇನೆ. ಅವರ ಕಣ್ಣೆದುರು ಮೇಸ್ತ್ರಿ ಆ ನಾಲ್ಕು ಬೋಲ್ಟುಗಳನ್ನು ಬಿಗಿಯುತ್ತಾರೆ, ಬಿಗಿದಷ್ಟಕ್ಕೆ ಮಾತ್ರ ಸಹಿ ಹಾಕುತ್ತಾರೆ. ನಾಲ್ಕು ಗೆರೆಗಳನ್ನು ನಾನು ಎಳೆಯುತ್ತೇನೆ, ಅಷ್ಟಕ್ಕೆ ನನ್ನ ಕೈ ಇನ್ನೂ ನೆಟ್ಟಗಿದೆ. ಆಮೇಲೆ ನಲವತ್ತೆರಡನ್ನೂ ಪರೀಕ್ಷಿಸಿ. ಒಂದು ಸಡಿಲವಿದ್ದರೂ ಗಾಡಿಯನ್ನು ನಾನೇ ಗುಜರಿಗೆ ತಳ್ಳುತ್ತೇನೆ. ಎಲ್ಲವೂ ಸರಿಯಿದ್ದರೆ "ಮಾಡಿದವರು" ಎಂಬ ಕಡೆ ಅವಳ ಹೆಸರನ್ನು ಉಳಿಸಿ ಮೊಹರು ಹಾಕಿ. ಅಲ್ಲಿಯವರೆಗೆ ಹಳೆಯ ಅಚ್ಚು ಗೋಡೆಗೆ ಒರಗಿಯೇ ಇರುತ್ತದೆ, ಗೆರೆಗಳೂ ಇದ್ದಲ್ಲೇ ಇರುತ್ತವೆ.

ಸೀಸೆಯಲ್ಲಿ ಬಣ್ಣ ಗಟ್ಟಿಯಾಗುತ್ತಿದೆ. ಬೇಗ ಬನ್ನಿ.

ಇಂತಿ,
ಟಾರ್ಚನ್ನು ಯಾವಾಗಲೂ ಬೋಲ್ಟು ಬಿಟ್ಟು ಮಗಳ ಮುಖಕ್ಕೇ ಹಿಡಿಯುತ್ತಿದ್ದ
ಒಬ್ಬ ದರ್ಜಿ