ನಿಲ್ಲದೆ ಮೆಟ್ಟಿಲು ಹತ್ತಿದಿರಿ

ಅಪ್ಪಾ,

ತಮ್ಮ ಚಪ್ಪಲಿಗಳಿಗೆ ಕೊನೆಗೂ ಸಿನಿಮಾದಲ್ಲಿ ದೊಡ್ಡ ಪಾತ್ರ ಸಿಕ್ಕಿದೆ ಎಂದು ತಿಳಿಸಲು ಹೆಮ್ಮೆಯಾಗುತ್ತದೆ. ತಾವು ಕಾಲವಾಗಿರುವ ಕಾರಣ ಸನ್ಮಾನವನ್ನು ನಾನೇ ಸ್ವೀಕರಿಸಿದೆ: ಒಂದು ಲೋಟ ಆರಿದ ಚಹಾ.

ನಾಯಕನ ತಂದೆ ಮೆಟ್ಟಿಲು ಹತ್ತುವ ದೃಶ್ಯ. ಹೋದ ವರ್ಷ ನಮ್ಮ ಮನೆಯ ಮೆಟ್ಟಿಲ ಮೇಲೆ ನಿಮ್ಮನ್ನು ಹತ್ತಿಸಿ ಮೈಕಿನಲ್ಲಿ ಹೆಜ್ಜೆಯ ಸದ್ದು ಹಿಡಿದಿದ್ದೆನಲ್ಲ, ಅದನ್ನೇ ಆ ದೃಶ್ಯಕ್ಕೆ ಜೋಡಿಸಿದೆ. ಇವತ್ತು ಅದನ್ನು ಕೇಳಿದ ನಿರ್ದೇಶಕರು ಮುಖ ಸಿಂಡರಿಸಿದರು.

“ಯಾರ್ರೀ ಇದು? ನಾಲ್ಕು ಮೆಟ್ಟಿಲಿಗೊಂದ್ಸಲ ನಿಲ್ತಾರಲ್ಲ! ಎದೆನೋವಿನ ಪೇಷೆಂಟಾ?”

ಅವರಿಗೆ ಒಂದೇ ಸಲಕ್ಕೆ ಕೇಳಿಸಿತು. ಅಂದು ಹೆಡ್‌ಫೋನ್ ಹಾಕಿಕೊಂಡಿದ್ದ ನಾನು, “ಅಪ್ಪಾ, ಮಧ್ಯೆ ನಿಲ್ಲಬೇಡಿ, ಟೇಕ್ ಹಾಳಾಗುತ್ತೆ” ಎಂದು ರೇಗಿದ್ದೆ. “ಅಪ್ಪಣೆ ದೊರೆ, ಇನ್ನೊಂದ್ಸಲ ಹತ್ತಲಾ?” ಎಂದಿದ್ದಿರಿ.

ನಿರ್ದೇಶಕರ ಮಾತಿನಂತೆ, ನೀವು ನಿಂತ ಜಾಗಗಳನ್ನೆಲ್ಲ ಕತ್ತರಿಸಿದೆ. ಈಗ ಒಂದೇ ಉಸಿರಿಗೆ ಬಾಗಿಲವರೆಗೂ ಬರುತ್ತೀರಿ. ಎಲ್ಲರೂ ಭೇಷ್ ಎಂದರು.

ಕತ್ತರಿಸಿದ ತುಣುಕುಗಳನ್ನು ಬಿಸಾಡಿಲ್ಲ. ಒಂದಕ್ಕೊಂದು ಅಂಟಿಸಿ ಕೇಳುತ್ತಿದ್ದೇನೆ. ಹೆಜ್ಜೆಯಿಲ್ಲ, ಚಪ್ಪಲಿಯಿಲ್ಲ, ಬರೀ ನಿಮ್ಮ ಏದುಸಿರು.

ಸ್ವಲ್ಪ ಕೂತ್ಕೊಳ್ಳಿ ಅಪ್ಪಾ. ಆಮೇಲೆ ಹತ್ತಿದರಾಯಿತು.