ಮೂರು ಬಾಯಿ ದಾಟಿದ ಪ್ರಶ್ನೆ

ಬುಧವಾರ, ಮಧ್ಯಾಹ್ನ

ಪ್ರೀತಿಯ ಅಮ್ಮನಿಗೆ,

ಕ್ಷೇಮವಾಗಿದ್ದೇನೆ ಎಂದು ಬರೆಯಬೇಕು. ಊಟ ಸೇರುತ್ತಿದೆ, ನಿದ್ದೆ ಬರುತ್ತಿದೆ. ಅದಕ್ಕೆ ಕ್ಷೇಮ ಎನ್ನುವುದಾದರೆ ಕ್ಷೇಮ.

ಈ ಪತ್ರ ನಿನ್ನ ಕೈ ಸೇರುವ ಹೊತ್ತಿಗೆ ಪೊಲೀಸರು ಮನೆಗೆ ಬಂದು ಮಾವನನ್ನು ಕರೆದುಕೊಂಡು ಹೋಗಿರುತ್ತಾರೆ. ಅಲ್ಲಿಯವರೆಗೆ ಇದನ್ನು ತಮ್ಮ ಬಳಿಯೇ ಇಟ್ಟುಕೊಳ್ಳುವುದಾಗಿ ನಮ್ಮ ದೇಶದಿಂದ ಬಂದಿರುವ ಇನ್‌ಸ್ಪೆಕ್ಟರ್ ಮೇಡಂ ಹೇಳಿದ್ದಾರೆ. ನಿನ್ನ ತಮ್ಮನ ಹೆಸರು ಹೇಳಿದವಳು ನಾನೇ. ಇದು ಬೇರೆಯವರ ಬಾಯಿಂದ ನಿನ್ನ ಕಿವಿಗೆ ಬೀಳುವುದು ಬೇಡ.

ಹೋಟೆಲಿನಲ್ಲಿ ಕೆಲಸ ಎಂದು ಅವನು ನನ್ನನ್ನು ವಿಮಾನ ಹತ್ತಿಸಿದ. ಇಲ್ಲಿ ಹೋಟೆಲ್ ಇರಲಿಲ್ಲ. ಕಿಟಕಿಗಳಿಗೆಲ್ಲ ಕಂಬಿ ಹಾಕಿದ ದೊಡ್ಡ ಕಟ್ಟಡವಿತ್ತು. ಪಾಸ್‌ಪೋರ್ಟ್ ಬಾಗಿಲಲ್ಲೇ ಕಿತ್ತುಕೊಂಡರು. ಒಳಗೆ ಉದ್ದನೆಯ ಹಜಾರ, ಸಾಲು ಸಾಲು ಕಂಪ್ಯೂಟರು. ನಾವು ನಮ್ಮ ಭಾಷೆಯಲ್ಲಿ ಬರೆದರೆ ಯಂತ್ರವೇ ಅದನ್ನು ದೂರದ ದೇಶದವರ ಭಾಷೆಗೆ ತಿರುಗಿಸುತ್ತಿತ್ತು. ಅಲ್ಲಿಯ ಒಂಟಿ ಜನರ ಸ್ನೇಹ ಬೆಳೆಸಿ, ನಂಬಿದ ಮೇಲೆ ಅವರ ಉಳಿತಾಯವನ್ನೆಲ್ಲ ದೋಚುವುದೇ ಕೆಲಸ. ಒಲ್ಲೆ ಎಂದವರನ್ನು ಕೆಳಗಿನ ಕೋಣೆಗೆ ಕರೆದೊಯ್ಯುತ್ತಿದ್ದರು. ನಾನೂ ಹೋಗಿ ಬಂದೆ. ಅದರ ಬಗ್ಗೆ ಮಾತ್ರ ಕೇಳಬೇಡ. ನಿನಗೆ ಫೋನ್ ಮಾಡುವಾಗ ಒಬ್ಬ ಪಕ್ಕದಲ್ಲೇ ನಿಂತಿರುತ್ತಿದ್ದ. ಯಾಕೆ ಪುಟ್ಟಿ, ದನಿ ಬಿದ್ದೋಗಿದೆ ಅಂತ ನೀನು ಕೇಳಿದಾಗಲೆಲ್ಲ, ಎ.ಸಿ. ಗಾಳಿ ಆಗಿಬರಲ್ಲ ಅನ್ನುತ್ತಿದ್ದೆ.

ಹೋದ ತಿಂಗಳು ಬೆಳಿಗ್ಗೆ ಬಾಗಿಲು ಮುರಿದು ಪೊಲೀಸರು ಬಂದರು. ಈ ದೇಶದವರು, ಹಣ ಕಳೆದುಕೊಂಡವರ ದೇಶದವರು, ನಮ್ಮವರು, ಎಲ್ಲ ಒಟ್ಟಿಗೆ. ಹುಡುಗಿಯರು ಅತ್ತರು. ನಾನು ಕುರ್ಚಿಯಿಂದ ಏಳಲೇ ಇಲ್ಲ. ಏಳು ಎಂದು ಯಾರೂ ಹೇಳಿರಲಿಲ್ಲ.

ಆಮೇಲೆ ವಿಚಾರಣೆ. ದೂರದ ದೇಶದ ಅಧಿಕಾರಿ ಕೇಳಿದ್ದನ್ನು ಇಲ್ಲಿಯ ದುಭಾಷಿ ಹೇಳಬೇಕು, ಅವನು ಹೇಳಿದ್ದನ್ನು ಮೇಡಂ ನನಗೆ ಹೇಳಬೇಕು. ಹೀಗೆ ಒಂದೊಂದು ಪ್ರಶ್ನೆಯೂ ಮೂರು ಬಾಯಿ ದಾಟಿ ಬರುವಷ್ಟರಲ್ಲಿ ಚಹಾ ಕೆನೆಗಟ್ಟಿರುತ್ತಿತ್ತು. ನೀನೂ ಆ ಸಾಹೇಬರೂ ಜಗಳ ಆಡಬೇಕಂದ್ರೂ ನಡುವೆ ನಾವಿಬ್ಬರು ಬೇಕು ನೋಡು ಅಂತ ಮೇಡಂ ನಕ್ಕರು. ನನ್ನನ್ನು ನಗಿಸಲೆಂದೇ ಹೇಳಿದ್ದು, ಪಾಪ.

ನಿನ್ನೆ ನನ್ನನ್ನು ಒಂದು ಪರದೆಯ ಮುಂದೆ ಕೂರಿಸಿದರು. ಆ ಕಡೆ ದೂರದ ದೇಶದ ನ್ಯಾಯಾಲಯ. ಕಟಕಟೆಯಲ್ಲಿ ಒಬ್ಬ ಮುದುಕರು, ರೈಲು ಓಡಿಸಿ ನಿವೃತ್ತರಾದವರು, ಹೆಂಡತಿಯನ್ನು ಕಳೆದುಕೊಂಡವರು. ಆರೇಳು ತಿಂಗಳು ನಾನು ಬರೆದದ್ದು ಅವರಿಗೇ. ಮನೆ ಮಾರಿಕೊಂಡು ಈಗ ಮಗಳ ಮನೆಯಲ್ಲಿದ್ದಾರಂತೆ. ನ್ಯಾಯಾಧೀಶರ ಅಪ್ಪಣೆ ಪಡೆದು ಅವರೇ ಕೇಳಿದರು. ದಿನಾ ರಾತ್ರಿ ಊಟ ಆಯ್ತಾ ಅಂತ ಕೇಳ್ತಿದ್ದವಳು ನೀನೇನಾ? ಹೌದು ಎಂದೆ. ಕನ್ನಡಕ ತೆಗೆದು ಒರೆಸಿಕೊಂಡರು. ಬಯ್ಯುತ್ತಾರೆ ಎಂದು ಕಾದೆ. ಇನ್ನೊಂದು ಪ್ರಶ್ನೆ ಬಂತು. ಮೇಡಂ ಅದನ್ನು ದುಭಾಷಿಯಿಂದ ಇನ್ನೊಮ್ಮೆ ಹೇಳಿಸಿಕೊಂಡು ನನ್ನ ಕಡೆ ತಿರುಗಿದರು. ಈಗ ನಿನಗೆ ಹೊಟ್ಟೆ ತುಂಬ ಊಟ ಕೊಡ್ತಾರಾ ಅಂತ ಕೇಳ್ತಿದ್ದಾರೆ, ಎಂದರು.

ಕೊಡ್ತಾರೆ ಎಂದೆ. ಅಳು ಬರಬೇಕಿತ್ತು ಎಂದು ತಿಳಿಯುತ್ತಿತ್ತು, ಬರಲಿಲ್ಲ.

ನನ್ನನ್ನು ಕಳಿಸಿದವರು ಯಾರೆಂದು ಕೇಳಿದಾಗ ಮೊದಲೆರಡು ದಿನ ಯಾರೋ ಏಜೆಂಟ್ ಎಂದಿದ್ದೆ. ಅಪ್ಪ ಹೋದ ಮೇಲೆ ನಿನಗೆ ಹೆಗಲು ಕೊಟ್ಟವನು ಅವನೊಬ್ಬನೇ ಎಂಬುದು ನನಗೆ ಗೊತ್ತಿಲ್ಲವೇ? ಮೂರನೆಯ ದಿನ ಹೇಳಿಬಿಟ್ಟೆ. ಸುಸ್ತಾಗಿತ್ತು ಎಂದುಕೋ. ನೆಂಟರಿಷ್ಟರು ನನ್ನನ್ನೇ ಬಯ್ಯುತ್ತಾರೆ. ನಿನಗೂ ಸಿಟ್ಟು ಬಂದರೆ ಬರಲಿ, ತಡೆದುಕೊಳ್ಳಬೇಡ.

ಹೊಸ ಪಾಸ್‌ಪೋರ್ಟ್ ಕೈಗೆ ಬಂದ ಮೇಲೆ ಬರುತ್ತೇನೆ. ಬಸ್ ನಿಲ್ದಾಣಕ್ಕೆ ಯಾರೂ ಬರುವುದು ಬೇಡ.

ನಿನ್ನ
ದೊಡ್ಡ ಮಗಳು

ಮರೆತಿದ್ದೆ: ಸುಸ್ತಾಗಿ ಹೇಳಿದ್ದಲ್ಲ. ಆ ದಿನ ಮೇಡಂ, ಕಟ್ಟಡದ ಯಜಮಾನನ ಫೋನಿನಲ್ಲಿ ಸಿಕ್ಕಿದ ಫೋಟೋಗಳನ್ನು ತೋರಿಸಿದರು. ಬರುವ ತಿಂಗಳು ಆ ಕಟ್ಟಡಕ್ಕೆ ಬರಬೇಕಿದ್ದ ಹುಡುಗಿಯರದು. ಅದರಲ್ಲಿ ನಮ್ಮ ಚಿಕ್ಕವಳಿದ್ದಳು, ನಮ್ಮ ಅಡುಗೆಮನೆಯ ಗೋಡೆಗೆ ಒರಗಿಕೊಂಡು. ತೆಗೆದವನು ಮಾವನೇ ಇರಬೇಕು. ಬೇರೆಯವರ ಮುಂದೆ ಅವಳು ಹಾಗೆ ನಗುವುದಿಲ್ಲ.